ರಕ್ತ ಕಮ್ಮಿ, ಕೌಂಟ್ ಮಾತ್ರ ಜಾಸ್ತಿ

ಬದಿಯಡ್ಕದಲ್ಲಿ ಲ್ಯಾಬ್ ಇಟ್ಟು ಹದಿನೈದು ವರ್ಷ ಆಯಿತು. ಹಿಮೋಗ್ಲೋಬಿನ್ ಕಮ್ಮಿ, ಎಂಸಿವಿಯೂ (ಕೆಂಪು ಕಣದ ಸರಾಸರಿ ಗಾತ್ರ) ಕಮ್ಮಿ ಇದ್ದರೆ ಎಲ್ಲರೂ ಬರೆಯುವುದು ಕಬ್ಬಿಣದ ಮಾತ್ರೆಯೇ. ನಾನು ಮೊದಲು ನೋಡುವುದು ಆರ್‌ಬಿಸಿ ಕೌಂಟ್, ಅಂದರೆ ಕೆಂಪು ಕಣಗಳ ಸಂಖ್ಯೆ. ಎಂಸಿವಿಯನ್ನು ಅದರಿಂದ ಭಾಗಿಸಿ 13ಕ್ಕಿಂತ ಕೆಳಗೆ ಬಂದರೆ ತಲಸೇಮಿಯಾ ಟ್ರೈಟ್ (ಹೆತ್ತವರಿಂದ ಬರುವ ರಕ್ತದ ದೋಷ, ಕಣ ಸಣ್ಣದಾದರೂ ಸಂಖ್ಯೆ ಜಾಸ್ತಿ) ಅಂತ ಸಂಶಯ ಶುರು. ಮೆಂಟ್ಜರ್ ಎಂಬ ವೈದ್ಯ 1973ರಲ್ಲೇ ಹೇಳಿದ ಲೆಕ್ಕ ಇದು. ಆದರೂ "ಭಾಗಾಕಾರ ಮಾಡಿದರೆ ರೋಗ ಸಿಗ್ತದಾ ಮಾರಾಯ್ರೆ?" ಅಂತ ನಕ್ಕವರೇ ಜಾಸ್ತಿ.

ಪೆರ್ಲ ಕಡೆಯ ಒಬ್ಬಳು ಹುಡುಗಿ, ಮದುವೆ ನಿಶ್ಚಯವಾಗಿತ್ತು. ಮಾತ್ರೆ ಹೊಟ್ಟೆಗೆ ಆಗುವುದಿಲ್ಲ ಅಂತ ಪ್ರತಿಸಲ ಅರ್ಧಕ್ಕೇ ಬಿಡುತ್ತಿದ್ದಳು. ಹಿಮೋಗ್ಲೋಬಿನ್ 8.4, ಎಂಸಿವಿ 58, ಕೌಂಟ್ 5.1. ಭಾಗಿಸಿದರೆ 11 ಚಿಲ್ಲರೆ. ಡಾಕ್ಟರು ಒಪ್ಪಲಿಲ್ಲ. ಹಟಕ್ಕೆ ಬಿದ್ದು ನನ್ನ ಕೈಯಿಂದಲೇ ಸಾವಿರದ ಹತ್ತಿರ ಹಾಕಿ ಮಂಗಳೂರಿಗೆ ಎಚ್‌ಪಿಎಲ್‌ಸಿಗೆ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಕಳಿಸಿದೆ. ಟ್ರೈಟ್ ಇದ್ದರೆ ಏರಬೇಕಾದ ಹಿಮೋಗ್ಲೋಬಿನ್ ಬಗೆ ಎಚ್‌ಬಿಎ2, ಬಂದದ್ದು ಶೇಕಡಾ 3.3. ನಾರ್ಮಲ್! ಒಂದು ವಾರ ತಲೆ ತಗ್ಗಿಸಿ ಓಡಾಡಿದೆ.

ಆಮೇಲೆ ಹೊಳೆಯಿತು. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಿದರೆ ಏಳೋ ಎಂಟೋ. ಕಬ್ಬಿಣ ಖಾಲಿ ಇದ್ದರೆ ಎಚ್‌ಬಿಎ2 ಇಳಿದು ಟ್ರೈಟ್ ಅಡಗಿ ಕೂರುತ್ತದೆ. ಅವಳಿಗೆ ಎರಡೂ ಇತ್ತು. ಊಟ ಆದಮೇಲೆ ನುಂಗು ಅಂತ ಹೇಳಿ ಅವಳಮ್ಮನನ್ನೇ ಕಾವಲಿಗಿಟ್ಟೆ. ಮೂರು ತಿಂಗಳ ನಂತರ ಹಿಮೋಗ್ಲೋಬಿನ್ ಹತ್ತು ದಾಟಿತು, ಎಂಸಿವಿ ಮಾತ್ರ 63ರಲ್ಲೇ ನಿಂತಿತು. ಮತ್ತೆ ಕಳಿಸಿದೆ. ಎಚ್‌ಬಿಎ2 4.5. ಇಬ್ಬರಿಗೂ ಟ್ರೈಟ್ ಇದ್ದರೆ ಮಗುವಿಗೆ ದೊಡ್ಡ ಕಾಯಿಲೆ ಬರಬಹುದು ಅಂತ ಮದುವೆ ಹುಡುಗನ ರಕ್ತವನ್ನೂ ತರಿಸಿ ನೋಡಿದೆವು. ಎಂಸಿವಿ 87, ಎಚ್‌ಬಿಎ2ವೂ ನಾರ್ಮಲ್. ಮದುವೆ ಊಟ ನಾನೂ ಉಂಡು ಬಂದೆ.

ದೊಡ್ಡ ಕಣಗಳ ಕಥೆಯೂ ಒಂದುಂಟು. ಆಟಿ ತಿಂಗಳ ಮಳೆಯಲ್ಲಿ ಬಂದ ಅಜ್ಜನ ಕೌಂಟ್ 1.6, ಎಂಸಿವಿ 122. ಕಣ ದೊಡ್ಡದಾದರೆ ಬಿ12 ಕೊರತೆ ಅಂತ ಇಂಜೆಕ್ಷನ್ ಚೀಟಿ ಆಗಲೇ ರೆಡಿ. ಆದರೆ ಎಂಸಿಎಚ್‌ಸಿ (ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಒತ್ತಾಗಿದೆ ಎಂಬ ಲೆಕ್ಕ) 50 ದಾಟಿತ್ತು. ಅಷ್ಟು ಇರಲು ಸಾಧ್ಯವೇ ಇಲ್ಲ, ಅಲ್ವಾ? ತಣ್ಣಗಾಗಿ ಕಣಗಳು ಅಂಟಿಕೊಂಡಿವೆ, ಮೆಷಿನ್ ಒಂದೊಂದು ಗುಂಪನ್ನೂ ಒಂದೇ ದೊಡ್ಡ ಕಣ ಅಂತ ಎಣಿಸಿದೆ ಅಂತ ಟ್ಯೂಬನ್ನು ಚಹಾದ ಬಿಸಿನೀರಿಗೆ ಇಳಿಸಿದೆ. ಕೆಟ್ಟೆ! ಕಣಗಳೆಲ್ಲ ಚೂರಾಗಿ, ಮೆಷಿನ್ ಆ ಚೂರುಗಳನ್ನೂ ಪ್ಲೇಟ್‌ಲೆಟ್ ಅಂತ ಎಣಿಸಿತು. ಹೊಸ ಸ್ಯಾಂಪಲ್ ತೆಗೆದು 37 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ (ವಾಟರ್ ಬಾತ್) ಅರ್ಧ ಗಂಟೆ ಇಟ್ಟೆ. ಕೌಂಟ್ 3.6, ಎಂಸಿವಿ 88. ಟ್ಯೂಬ್ ವಾಟರ್ ಬಾತಿನಿಂದ ಮೆಷಿನ್ ತಲುಪುವಷ್ಟರಲ್ಲಿ ಆರದ ಹಾಗೆ ಏನು ಮಾಡುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಪಕ್ಕದ ಲ್ಯಾಬಿನವರೂ ಓದುತ್ತಾರೆ.

ಅದೇ ಡಾಕ್ಟರು ಈಗ ಚೀಟಿಯ ಮೂಲೆಯಲ್ಲಿ "ಭಾಗಿಸಿ ನೋಡಿ" ಅಂತ ಬರೆದು ಕಳಿಸುತ್ತಾರೆ. ಆ ಸಾವಿರ ರೂಪಾಯಿ ಮಾತ್ರ ಇನ್ನೂ ಬಂದಿಲ್ಲ.