ಅವರೆಯ ಕರಿ ಹೇನು: ನಾನು ಮೊದಲು ಬೇಲಿ ನೋಡುತ್ತೇನೆ

ನಮ್ಮ ಮಂಡ್ಯ ಕಡೆ ರಾಗಿ ಹೊಲದಲ್ಲಿ ಅವರೆಯನ್ನು ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಗೆ ಬಿಡುವ ಸಾಲಿಗೆ, ಹಾಕುವುದು ಹಳೇ ವಾಡಿಕೆ. ನಾನೂ ಹಾಗೇ ಹಾಕುತ್ತೇನೆ. ರಾಗಿ ಕೊಯ್ಲಿನ ಹೊತ್ತಿಗೆ, ಇಬ್ಬನಿ ಶುರುವಾದಾಗ ಅವರೆ ಹೂ ಬಿಡುತ್ತದೆ. ಗಿಡದ ರಸ ಹೀರುವ ಕರಿ ಹೇನು ಬರುವುದೂ ಆಗಲೇ. ಹೂಗೊನೆಯ ದಂಟು ಕಾಣದಷ್ಟು ಮೆತ್ತಿಕೊಂಡಿರುತ್ತದೆ. ಬಲಿತವು ಮಿರಮಿರ ಕಪ್ಪು. ಮರಿಗಳ ಮೇಲೆ ಮೇಣದ ಪುಡಿ ಇರುವುದರಿಂದ ಬೂದು ಬಣ್ಣ.

ಪುಸ್ತಕದಲ್ಲಿ ಇದರ ಹೆಸರು ಏಫಿಸ್ ಕ್ರಾಸಿವೋರಾ. ಅವರೆ, ಅಲಸಂದೆ, ಕಡಲೆಕಾಯಿ ಎಲ್ಲಕ್ಕೂ ಬೀಳುತ್ತದೆ. ಜನ ಮರೆಯುವುದು ಬೇಲಿಯ ಗೊಬ್ಬರದ ಗಿಡವನ್ನು, ಅದೇ ಗ್ಲಿರಿಸಿಡಿಯಾ. ಅದೂ ಅವರೆಯ ಕುಟುಂಬದ್ದೇ ಅಲ್ವಾ? ಅದರ ಎಳೆ ಚಿಗುರಿಗೂ ಹೂವಿಗೂ ಇದೇ ಹೇನು. ಬೇಲಿಯಲ್ಲಿ ಚಿಗುರು ಮುದುಡಿ, ಕೆಳಗಿನ ಎಲೆ ಮೇಲೆ ಅಂಟು ಹೊಳೆಯುತ್ತಾ, ಇರುವೆ ಸಾಲು ಹತ್ತಿದ್ದರೆ ಅವರೆಗೂ ಬರುತ್ತದೆ ಅಂತಲೇ ನನ್ನ ಲೆಕ್ಕ. ನಮ್ಮ ಹವೆಯಲ್ಲಿ ಇದಕ್ಕೆ ಗಂಡೂ ಬೇಡ, ಮೊಟ್ಟೆಯೂ ಬೇಡ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ. ಜಾಗ ಇಕ್ಕಟ್ಟಾದರೆ ರೆಕ್ಕೆಯವು ಹುಟ್ಟಿ ಹಾರುತ್ತವೆ.

"ಆ ಗಿಡ ಕಿತ್ತಾಕಣ್ಣ, ಪೀಡೆ ತೊಲಗ್ತದೆ" ಅನ್ನುತ್ತಾನೆ ಪಕ್ಕದ ಹೊಲದವನು. ನಾನು ಕೀಳುವುದಿಲ್ಲ. ಹೇನು ತಿನ್ನುವ ಗುಲಗಂಜಿ ಹುಳ ಮೊದಲು ಸೇರುವುದು ಆ ಬೇಲಿಯಲ್ಲೇ. ಅದರ ಮರಿಯ ಗುರುತು ಬಹಳ ಜನಕ್ಕೆ ಇಲ್ಲ. ಉದ್ದಕ್ಕೆ, ಕಪ್ಪಗೆ, ಪುಟಾಣಿ ಮೊಸಳೆ ಥರ ಇರುತ್ತದೆ. ಕೆಟ್ಟ ಹುಳ ಅಂತ ಹೊಸಕಿಬಿಡುತ್ತಾರೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ಹೇನಿನ ಗುಂಪಿಗೇ ನುಗ್ಗಿ ಒಂದೊಂದನ್ನೇ ಹಿಡಿದು ಮೆಲ್ಲುವುದು ಕಾಣುತ್ತದೆ.

ಹೊಲದಂಚಿಗೆ ಮುಸುಕಿನ ಜೋಳವನ್ನೂ ಹಾಕುತ್ತೇನೆ. ಅದರ ಸುಳಿಗೆ ಬೀಳುವ ಹೇನು ಬೇರೆ ಜಾತಿ, ಅವರೆಯನ್ನು ಮುಟ್ಟುವುದಿಲ್ಲ. ಗುಲಗಂಜಿಗೆ ಮಾತ್ರ ಎರಡೂ ಊಟವೇ.

ಅಲ್ಲೊಂದು ಇಲ್ಲೊಂದು ತುದಿಗೆ ಹತ್ತಿದ್ದರೆ ಚಿವುಟಿ ಸೋಪಿನ ನೀರಿಗೆ ಹಾಕುತ್ತೇನೆ. ಜಾಸ್ತಿಯಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಚೂರು ಸೋಪು. ಜೇನ್ನೊಣದ ಓಡಾಟ ನಿಂತ ಮೇಲೆ, ಸಂಜೆ ಹೊಡೆಯುತ್ತೇನೆ. ದಂಟಿಗೂ ಎಲೆಯ ಅಡಿಗೂ ತಾಗಬೇಕು. ಸುಮ್ನೆ ಮೇಲೆ ಬೀಸಿದರೆ ಎಣ್ಣೆ ದಂಡ. ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಅಲ್ಲಾಡದೆ ಕೂತ ಹೇನು ತುಂಬಾ ಕಂಡರೆ ಅದೂ ಬೇಡ. ಅವುಗಳನ್ನು ಒಳಗಿಂದಲೇ ತಿಂದು ಪುಟ್ಟ ಕಣಜದ ಹುಳದ ಮರಿ ಬೆಳೆಯುತ್ತಿರುತ್ತದೆ.

ಅಲಸಂದೆಯಲ್ಲಿ ಮಾತ್ರ ಇಷ್ಟು ತಾಳ್ಮೆ ನನಗಿಲ್ಲ. ಈ ಹೇನು ಅದಕ್ಕೆ ಮೊಸಾಯಿಕ್ ನಂಜು ರೋಗ ಹರಡುತ್ತದೆ. ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಕಂಡ ಗಿಡವನ್ನು ಅವತ್ತೇ ಕಿತ್ತು ಹೊಲದಾಚೆ ಹಾಕುತ್ತೇನೆ.