ಕತ್ತೆ ಬೆನ್ನಿಗೆ ಹೇರು ಕಟ್ಟಿ ಮೇಲುಕೋಟೆಗೆ

ಪೆರು ದೇಶದ ಬೆಟ್ಟಗಳಲ್ಲಿ ಲಾಮಾ ಅನ್ನೋ ಒಂಟೆ ಜಾತಿಯ ಪ್ರಾಣಿ ಮೇಲೆ ಟೆಂಟು, ಪಾತ್ರೆ ಹೇರಿಕೊಂಡು ಚಾರಣ ಹೋಗುವ ವಿಡಿಯೋ ತೋರಿಸಿ, ‘ಮಾಮ, ನಮ್ಮಲ್ಲೂ ಹೀಗೆ ಹೋಗಬಹುದಾ?’ ಅಂತ ಅಕ್ಕನ ಮಗ ಕೇಳಿದ. ಲಾಮಾ ಯಾಕಪ್ಪ, ಹಿತ್ತಲಲ್ಲಿ ನಮ್ಮ ಕತ್ತೆ ಗುಂಡ ಇದ್ದಾನಲ್ಲ ಅಂದೆ. ನಮ್ಮದು ಪಾಂಡವಪುರದ ಮಡಿವಾಳರ ಮನೆ. ಬಟ್ಟೆ ಗಂಟು ಹೊರೋದು ನಿಂತು ಎಷ್ಟೋ ವರ್ಷವಾಯಿತು, ಕತ್ತೆ ಸಾಕೋದು ಬಿಟ್ಟಿಲ್ಲ. ಈಗ ವರ್ಷಕ್ಕೆ ಎರಡು ಮೂರು ಸಲ ತೊಣ್ಣೂರು ಕೆರೆ ಕಡೆಯಿಂದ ಗುಂಡನ ಜೊತೆ ಮೇಲುಕೋಟೆಗೆ ನಡೆಯುತ್ತೇನೆ.

ಮೊದಲು ತೂಕ. 1965ರ ಸರ್ಕಾರಿ ನಿಯಮದ ಪ್ರಕಾರ ಕತ್ತೆ ಮೇಲೆ 50 ಕೆಜಿಗಿಂತ ಜಾಸ್ತಿ ಹೇರುವಂತಿಲ್ಲ. ನಾನು 30ಕ್ಕೇ ನಿಲ್ಲಿಸುತ್ತೇನೆ. ಗುಂಡ ಚಿಕ್ಕ ಆಳು, ದಾರಿಯೂ ಏರು.

ಆಮೇಲೆ ತಡಿ, ಅಂದರೆ ಹೇರಿನ ಕೆಳಗೆ ಬೆನ್ನಿಗೆ ಹಾಸೋ ಮೆತ್ತೆ. ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿ. ಒಂದು ಮುಳ್ಳು ಸಿಕ್ಕಿಕೊಂಡಿದ್ದರೂ ಸಂಜೆಗೆ ಹುಣ್ಣು, ಕೈಯಾಡಿಸಿ ನೋಡಿ. ಅದರ ಮೇಲೆ ರಾಗಿ ಹುಲ್ಲು ತುರುಕಿದ ಎರಡು ಗೋಣಿ ಸುರುಳಿ, ಬೆನ್ನುಮೂಳೆಯ ಆ ಕಡೆ ಒಂದು, ಈ ಕಡೆ ಒಂದು. ಭಾರ ಪಕ್ಕೆಲುಬಿನ ಮೇಲೆ ಕೂರಬೇಕು, ಮೂಳೆಗೆ ಏನೂ ತಾಕಬಾರದು.

ಎರಡೂ ಕಡೆ ಚೀಲ ಒಂದೇ ತೂಕ ಇರಬೇಕು. ಅಂದಾಜು ಬೇಡ, ಕೊಕ್ಕೆ ತಕ್ಕಡಿಗೆ ತೂಗುಹಾಕಿ ನೋಡಿ. ತೂಗಿದ ಮೇಲೂ ನಾನೊಮ್ಮೆ ಕೆಟ್ಟಿದ್ದೇನೆ. ಐದೈದು ಲೀಟರಿನ ಎರಡು ನೀರಿನ ಕ್ಯಾನು ಎಡಕ್ಕೆ, ಅಕ್ಕಿ, ಪಾತ್ರೆ ಬಲಕ್ಕೆ. ಹೊರಡುವಾಗ ಸಮ ಸಮ. ದಾರಿಯುದ್ದಕ್ಕೂ ನೀರು ಕುಡಿಯುತ್ತಾ ಹೋದೆವು. ಜಕ್ಕನಹಳ್ಳಿ ಹತ್ತಿರ ಬರೋ ಹೊತ್ತಿಗೆ ಎಡಗಡೆ ಹಗುರಾಗಿ ತಡಿ ಗಿರಕ್ಕನೆ ತಿರುಗಿ ಹೊಟ್ಟೆ ಕೆಳಗೆ ನೇತಾಡಿತು. ಪಾಪ, ಗುಂಡ ಅಲ್ಲಾಡದೆ ನಿಂತಿದ್ದ. ಈಗ ಕಡೆಗೊಂದು ಕ್ಯಾನು. ಒಂದು ಲೋಟ ಇದರಿಂದ, ಇನ್ನೊಂದು ಲೋಟ ಅದರಿಂದ. ನನ್ನ ಹೆಂಡತಿ ನಗುತ್ತಾಳೆ, ನಗಲಿ.

ಕತ್ತೆ ಮೊಂಡು ಅಂತಾರೆ. ಹೆದರಿದಾಗ ಕುದುರೆ ಓಡುತ್ತದೆ, ಕತ್ತೆ ನಿಂತುಬಿಡುತ್ತದೆ, ಅಷ್ಟೇ. ನಿಂತರೆ ಎಳೆಯಬೇಡಿ, ಹೊಡೆಯಲೇಬೇಡಿ. ಕಿವಿ ಯಾವ ಕಡೆ ತಿರುಗಿದೆ ನೋಡಿ. ಹರಿದ ಪ್ಲಾಸ್ಟಿಕ್ ಇರಬಹುದು, ಕಬ್ಬಿನ ಲಾರಿ ಇರಬಹುದು. ಪಕ್ಕದಲ್ಲಿ ನಿಂತು ಕತ್ತು ಸವರಿ, ತಾನೇ ಹೊರಡುತ್ತದೆ. ಹಗ್ಗವನ್ನು ಮಾತ್ರ ಕೈಗೆ ಸುತ್ತಿಕೊಳ್ಳಬೇಡಿ. ಕಬ್ಬಿನ ಗದ್ದೆ ಪಕ್ಕ ಹೋಗುವಾಗ ಹತ್ತಿರ ಹಿಡಿಯಿರಿ, ಇಲ್ಲದಿದ್ದರೆ ಗೌಡರ ಕೈಲಿ ಬೈಸಿಕೊಳ್ಳೋದು ನೀವು.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ಗಾದೆ ಇದೆಯಲ್ವಾ? ನೀರಿನ ವಾಸನೆ ಅದಕ್ಕೆ ಚೆನ್ನಾಗಿ ಗೊತ್ತು. ಕೊಳಕು ಬಕೆಟ್ಟಿನ ನೀರು ಮೂಸಿಯೂ ನೋಡಲ್ಲ. ಬಕೆಟ್ ಮನೆಯಿಂದಲೇ ತನ್ನಿ.

ಬೆಳಗ್ಗೆ ಐದಕ್ಕೆ ಹೊರಟು ಹನ್ನೊಂದಕ್ಕೆಲ್ಲ ನೆರಳು ಹಿಡಿಯಿರಿ. ಮೇಲುಕೋಟೆ ಸುತ್ತ ಅಭಯಾರಣ್ಯ ಇದೆ, ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಚಿರತೆ ಕಾಟ ಇರೋದರಿಂದ ರಾತ್ರಿ ಊರೊಳಗೇ ಕಟ್ಟಿ.

ಹೇರು ಇಳಿಸಿದ ಕೂಡಲೇ ಬೆನ್ನು ನೋಡಿ. ಬೆವರು ಎರಡೂ ಕಡೆ ಒಂದೇ ಸಮ ಇದ್ದರೆ ತಡಿ ಸರಿಯಾಗಿ ಕೂತಿತ್ತು. ಬೆವರಿನ ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಿದೆ, ನಾಳೆ ಹುಲ್ಲು ಬದಲಿಸಬೇಕು. ಬೇಗ ನೋಡಿ. ಬಿಟ್ಟ ಮರುಗಳಿಗೆ ಮಣ್ಣಲ್ಲಿ ಹೊರಳಾಡುತ್ತದೆ, ಆಮೇಲೆ ಏನೂ ಕಾಣಲ್ಲ.