ಒಂದೇ ಐಪಿ, ಮೂರು ಸರ್ವರ್: ಗೇಟಿನಲ್ಲಿ ಒಬ್ಬ ರೈಟರ್ ಇದ್ದರೆ ಸಾಕು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆ. ಅಲ್ಲಿ ಮೂರು ಹಳೇ ಕಂಪ್ಯೂಟರ್‌ಗಳು ಸರ್ವರ್ ಆಗಿ ಓಡುತ್ತಿವೆ. ಒಂದರಲ್ಲಿ ಹೋಂಸ್ಟೇ ಬುಕಿಂಗ್, ಇನ್ನೊಂದರಲ್ಲಿ ಕಾಫಿಪುಡಿ ಮಾರಾಟ, ಮೂರನೆಯದರಲ್ಲಿ ಮಳೆ ಲೆಕ್ಕ. ದಿನಾ ಬೆಳಿಗ್ಗೆ ಮಳೆ ಅಳೆದು '1 ಇಂಚು 40 ಸೆಂಟ್' ಅಂತ ಹಾಕಿದರೆ, ಬೆಂಗಳೂರಿನಲ್ಲಿರುವ ಮಕ್ಕಳು ಅಲ್ಲಿಂದಲೇ ನೋಡುತ್ತಾರೆ. ಮನೆಗೆ ಬರುವ ಫೈಬರ್ ಲೈನ್ ಒಂದು, ಇಂಟರ್ನೆಟ್‌ನಲ್ಲಿ ಮನೆಯನ್ನು ಗುರುತಿಸುವ ನಂಬರ್, ಅಂದರೆ ಐಪಿ ವಿಳಾಸವೂ ಒಂದು. "ಇನ್ನೆರಡು ಐಪಿ ತಗೋಬೇಕಾ ಮಾರಾಯ್ರೆ?" ಅಂತ ಯಜಮಾನರು ಕೇಳಿದರು. ಬೇಡ. ಒಂದರಲ್ಲೇ ಆಗುತ್ತದೆ.

ಹಳೇ ಮಾದರಿಯ ಐಪಿ, ಅಂದರೆ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಇರುವುದನ್ನು ಹಂಚಿಕೊಳ್ಳುವುದು ಈಗ ಎಲ್ಲರಿಗೂ ರೂಢಿ.

ತುಂಬಾ ಜನ ರೂಟರ್‌ನಲ್ಲಿ ಒಂದೊಂದು ಸರ್ವರ್‌ಗೆ ಒಂದೊಂದು ಪೋರ್ಟ್ (ಒಂದೇ ವಿಳಾಸದಲ್ಲಿರುವ ಬೇರೆ ಬೇರೆ ಬಾಗಿಲಿನ ನಂಬರ್) ಕೊಟ್ಟುಬಿಡುತ್ತಾರೆ: 8080, 8081, ಹೀಗೆ. ಕೆಲಸವೇನೋ ಆಗುತ್ತದೆ. ಆದರೆ ರೂಮ್ ಬುಕ್ ಮಾಡುವ ಅತಿಥಿ ಹೆಸರಿನ ಮುಂದೆ 8081 ಅಂತ ಟೈಪ್ ಮಾಡುತ್ತಾರಾ? ಕೆಲವು ಆಫೀಸುಗಳ ನೆಟ್‌ವರ್ಕ್‌ನಲ್ಲಿ ಇಂಥ ಪೋರ್ಟ್‌ಗಳನ್ನು ಮುಚ್ಚಿಯೂ ಇರುತ್ತಾರೆ. ಈ ದಾರಿ ಬೇಡ.

ತೋಟಕ್ಕೆ ಗೇಟು ಒಂದೇ ಅಲ್ವಾ? ಒಳಗೆ ಬಂಗಲೆ, ಕಣ, ಪಲ್ಪರ್ ಮನೆ, ಲೈನ್ ಮನೆ ಎಲ್ಲ ಇವೆ. ಬಂದವರನ್ನು ತೋಟದ ಗುಮಾಸ್ತ, ಅಂದರೆ ರೈಟರ್, "ಯಾರನ್ನ ನೋಡ್ಬೇಕಿತ್ತು?" ಅಂತ ಕೇಳಿ ದಾರಿ ತೋರಿಸುತ್ತಾರೆ. ಇಲ್ಲಿ ಆ ರೈಟರ್ ಕೆಲಸ ಮಾಡುವುದಕ್ಕೆ ರಿವರ್ಸ್ ಪ್ರಾಕ್ಸಿ ಅಂತ ಹೆಸರು. ತನಗೆ ಯಾವ ಸೈಟ್ ಬೇಕು ಅನ್ನುವುದನ್ನು ಬ್ರೌಸರ್ ಪ್ರತಿ ಸಲವೂ 'ಹೋಸ್ಟ್' ಅನ್ನುವ ಸಾಲಿನಲ್ಲಿ ಬರೆದು ಕಳಿಸುತ್ತದೆ. ಮಾತನ್ನು ಗುಟ್ಟಾಗಿ ಕಳಿಸುವ ಎಚ್‌ಟಿಟಿಪಿಎಸ್‌ನಲ್ಲಿ, ಅದು ಗುಟ್ಟಾಗುವ ಮೊದಲೇ ಹೆಸರು ಹೇಳುವ ವ್ಯವಸ್ಥೆ ಇದೆ, ಅದು ಎಸ್‌ಎನ್‌ಐ. ನಮಗೆ ಇವೆರಡೇ ಆಧಾರ.

ಮೊದಲು ಐಪಿ ನಿಮ್ಮದೇನಾ ನೋಡಿ

ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಹೊರಗಿನ ಇಂಟರ್ನೆಟ್ ಕಡೆಯ ವಿಳಾಸ ಅಂತ ಇರುತ್ತದೆ. ಅದು 100.64ರಿಂದ 100.127ರ ಒಳಗೆ ಶುರುವಾದರೆ, ಇಂಟರ್ನೆಟ್ ಕಂಪನಿಯವರು ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ಆಗ ಮುಂದಿನದೇನೂ ನಡೆಯುವುದಿಲ್ಲ. ಅವರಿಗೆ ಫೋನ್ ಮಾಡಿ ಸ್ಟಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಐಪಿ) ಕೇಳಿ. ಇದನ್ನು ನೋಡದೆ ಸುಮ್ನೆ ದಿನಗಟ್ಟಲೆ ಒದ್ದಾಡಿದವರನ್ನು ಬಲ್ಲೆ.

ಒಳಗಿನ ವಿಳಾಸ, ಹೊರಗಿನ ಹೆಸರು

ಮೂರೂ ಮೆಷಿನ್‌ಗಳ ಒಳ ವಿಳಾಸ ಬದಲಾಗದಂತೆ ರೂಟರ್‌ನಲ್ಲೇ ಕಟ್ಟಿಹಾಕಿ. ನಾವು ಕೊಟ್ಟದ್ದು 192.168.1.10, 11, 12. ಡೊಮೈನ್ (ಸೈಟಿನ ಹೆಸರು) ಕೊಂಡ ಕಡೆ ಬುಕ್, ಪುಡಿ, ಮಳೆ ಅಂತ ಮೂರು ಹೆಸರಿಗೂ ಎ ರೆಕಾರ್ಡ್ (ಈ ಹೆಸರಿಗೆ ಈ ಐಪಿ ಅನ್ನುವ ನಮೂದು) ಹಾಕಿ, ಎಲ್ಲಕ್ಕೂ ಅದೇ ಒಂದು ಐಪಿ ಕೊಡಿ. ರೂಟರ್‌ನಲ್ಲಿ 80 ಮತ್ತು 443, ಈ ಎರಡೇ ಪೋರ್ಟ್‌ಗಳನ್ನು 10ನೇ ಮೆಷಿನ್‌ಗೆ, ಅಂದರೆ ವಿಳಾಸ 10ರಲ್ಲಿ ಮುಗಿಯುವ ಮೆಷಿನ್‌ಗೆ, ತಿರುಗಿಸಿ. ಡೇಟಾಬೇಸ್, ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್‌ಗಳನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ರೈಟರ್‌ಗೆ ಕೆಲಸ ಹೇಳಿ

10ನೇ ಮೆಷಿನ್‌ನಲ್ಲಿ ರಿವರ್ಸ್ ಪ್ರಾಕ್ಸಿ ಕೆಲಸಕ್ಕೆ ಎಂಜಿನ್‌ಎಕ್ಸ್ (nginx) ಹಾಕಿ. 2004ರಲ್ಲಿ ಹೊರಬಂದ ಉಚಿತ ತಂತ್ರಾಂಶ ಇದು. ತೀರಾ ಹಳೇ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡುತ್ತದೆ. ಬುಕಿಂಗ್ ಸೈಟು ಇದೇ ಮೆಷಿನ್‌ನಲ್ಲಿದ್ದರೆ ಅದನ್ನು ಒಳಗಿನ 8080 ಪೋರ್ಟ್‌ಗೆ ಸರಿಸಿ. ಆ ಪೋರ್ಟ್ ಹೊರಗಿನವರಿಗೆ ಕಾಣುವುದಿಲ್ಲ. ಒಂದೊಂದು ಹೆಸರಿಗೆ ಅದರ ಕಾನ್ಫಿಗ್ ಫೈಲಿನಲ್ಲಿ ಒಂದೊಂದು ಸರ್ವರ್ ಬ್ಲಾಕ್ (ಆ ಹೆಸರಿನ ಸೂಚನೆಗಳ ಗುಂಪು) ಬರೆಯಿರಿ. ಸರ್ವರ್ ನೇಮ್ ಸಾಲಿನಲ್ಲಿ ಹೊರಗಿನ ಹೆಸರು, ಪ್ರಾಕ್ಸಿ ಪಾಸ್ ಸಾಲಿನಲ್ಲಿ ಒಳಗಿನ ವಿಳಾಸ.

ಜಾಸ್ತಿ ಜನ ಎಡವುವುದು ಇದರ ಮುಂದಿನ ಸಾಲಿನಲ್ಲಿ. ಬ್ರೌಸರ್ ಹೇಳಿದ ಹೆಸರನ್ನು ಹಾಗೇ ಒಳಗೆ ದಾಟಿಸಿ ಅಂತ ನೀವೇ ಬರೆಯಬೇಕು. ಬರೆಯದಿದ್ದರೆ ಎಂಜಿನ್‌ಎಕ್ಸ್ ಪ್ರಾಕ್ಸಿ ಪಾಸ್‌ನಲ್ಲಿರುವ ಒಳಗಿನ ವಿಳಾಸವನ್ನೇ ಹೇಳುತ್ತದೆ. ನಾನು ಮರೆತಿದ್ದೆ. ಕಾಫಿಪುಡಿ ಸೈಟ್ ತೆರೆದ ಗ್ರಾಹಕರ ಫೋನಿನಲ್ಲಿ ಮೊದಲ ಪುಟ ಬಂತು, 'ಕೊಳ್ಳಿ' ಒತ್ತಿದ ಕೂಡಲೇ ಮೇಲೆ 192.168.1.11 ಅಂತ ಬಂದು ನಿಂತುಬಿಟ್ಟಿತು. ಬಂದವರ ನಿಜವಾದ ಐಪಿ, ಎಚ್‌ಟಿಟಿಪಿಎಸ್‌ನಲ್ಲಿ ಬಂದರು ಅನ್ನುವ ಮಾಹಿತಿ, ಇವನ್ನೂ ಇದೇ ರೀತಿ ದಾಟಿಸಿ. ಇಲ್ಲದಿದ್ದರೆ ಒಳಗಿನ ಲಾಗ್‌ನಲ್ಲಿ ಎಲ್ಲರೂ 10ನೇ ಮೆಷಿನ್‌ನಿಂದ ಬಂದಂತೆ ಕಾಣುತ್ತಾರೆ.

ಇನ್ನೊಂದು ವಿಷಯ. 1 ಎಂಬಿಗಿಂತ ದೊಡ್ಡ ಫೈಲನ್ನು ಎಂಜಿನ್‌ಎಕ್ಸ್ ತಾನಾಗಿ ಬಿಡುವುದಿಲ್ಲ. ರೂಮಿನ ಫೋಟೊ ಏರಿಸುವಾಗ 413 ಎಂಬ ತಪ್ಪು ಬಂದರೆ ಕಾರಣ ಇದೇ, ಮಿತಿ ಹೆಚ್ಚಿಸಿ. 502 ಬಂದರೆ ಗೇಟು ಸರಿಯಿದೆ, ಒಳಗಿನ ಸರ್ವರ್ ಮಲಗಿದೆ ಅಂತ ತಿಳಿಯಿರಿ. ಗೊತ್ತಿಲ್ಲದ ಹೆಸರಿನಲ್ಲಿ ಬಂದವರು ಮೊದಲ ಬ್ಲಾಕ್‌ಗೆ ಹೋಗಿಬಿಡುತ್ತಾರೆ. ಅವರಿಗೆ ಬೇರೆಯೇ ಡಿಫಾಲ್ಟ್ ಬ್ಲಾಕ್ ಮಾಡಿ, 444 ಕೊಟ್ಟು ಸಂಪರ್ಕ ಕಡಿದುಹಾಕಿ. ಪ್ರತಿ ಬದಲಾವಣೆ ಆದ ಮೇಲೂ ಕಾನ್ಫಿಗ್ ಟೆಸ್ಟ್ ಓಡಿಸಿಯೇ ರೀಲೋಡ್ ಮಾಡಿ.

ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್‌ನ ಬೀಗದ ಗುರುತು ಬರಲು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತ ಸರ್ಟಿಫಿಕೇಟ್ ಸಿಗುತ್ತದೆ. ಮೂರನ್ನೂ 10ನೇ ಮೆಷಿನ್‌ನಲ್ಲೇ ಇಡಿ. ಅದರ ಅವಧಿ ಕಡಿಮೆ, ಆದ್ದರಿಂದ ತಾನಾಗೇ ನವೀಕರಣ ಆಗುವಂತೆ ಮಾಡಿ.

ಕೊನೆಗೆ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಮೂರೂ ಸೈಟ್ ತೆರೆದು ನೋಡಿ. ಕೆಲವು ರೂಟರ್‌ಗಳಲ್ಲಿ ಮನೆಯೊಳಗಿಂದ ನಿಮ್ಮದೇ ಐಪಿಗೆ ಹೋಗಲು ಆಗುವುದಿಲ್ಲ. ಹೊರಗೆ ಎಲ್ಲ ಸರಿಯಿದ್ದರೂ ಒಳಗೆ ಕೆಟ್ಟಂತೆ ಕಾಣುತ್ತದೆ.

10ನೇ ಮೆಷಿನ್ ನಿಂತರೆ ಮೂರೂ ಸೈಟ್ ನಿಲ್ಲುತ್ತವೆ. ನಮ್ಮ ಮಲೆನಾಡಿನಲ್ಲಿ ಜುಲೈ ಗಾಳಿಮಳೆಗೆ ಕರೆಂಟ್ ಹೋಗುವುದು ಗೊತ್ತೇ ಇದೆ. 10ನೇ ಮೆಷಿನ್ನನ್ನೂ ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಸೇರಿಸಿ. ಕರೆಂಟ್ ಬಂದಾಗ ತಾನಾಗೇ ಆನ್ ಆಗುವಂತೆ ಮೂರೂ ಕಂಪ್ಯೂಟರ್‌ಗಳ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಹೊಂದಿಸಿಡಿ.